ಹೌಜ್ ಖಾಸ್‌ನ ಕೆರೆ ಮತ್ತು ಟಾಪ್ ಫ್ಲೋರಿನ ಬಿಸಿಲು

ದೆಹಲಿಗೆ ಹೊಸದಾಗಿ ವರ್ಗವಾಗಿ ಬಂದವರು, ಓದಲು ಬಂದವರು ಫೆಬ್ರವರಿಯಲ್ಲಿ ಮನೆ ಹುಡುಕಿದರೆ ಬಹುಮಟ್ಟಿಗೆ ಟಾಪ್ ಫ್ಲೋರನ್ನೇ ಒಪ್ಪಿಕೊಳ್ಳುತ್ತಾರೆ. ಕೆಳಗಿನ ಮನೆಗಿಂತ ಬಾಡಿಗೆ ಕಡಿಮೆ. ಎಳೆಬಿಸಿಲು ಹಿತವಾಗಿರುತ್ತದೆ. ಹಪ್ಪಳ ಸಂಡಿಗೆ ಒಣಗಿಸಲು ಪಕ್ಕದಲ್ಲೇ ತಾರಸಿ. ಬ್ರೋಕರ್ ಬೇರೆ 'ಧೂಪ್ ಬಹುತ್ ಅಚ್ಛೀ ಆತೀ ಹೈ ಜೀ' ಎಂದು ಹೊಗಳುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಅದೇ ಧೂಪ್ ಮೇ ತಿಂಗಳಲ್ಲೂ ಅಷ್ಟೇ ಚೆನ್ನಾಗಿ ಬರುತ್ತದೆ ಎಂಬುದನ್ನು ಮಾತ್ರ ಅವನು ಹೇಳುವುದಿಲ್ಲ.

2024ರ ಬೇಸಿಗೆಯನ್ನು ಇಲ್ಲಿದ್ದ ಯಾರೂ ಮರೆತಿರಲಾರರು. ಮೇ 29ರಂದು ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 46.8 ಡಿಗ್ರಿ. ಅದೇ ದಿನ ಮುಂಗೇಶ್‌ಪುರದಲ್ಲಿ 52.9 ಡಿಗ್ರಿ ಎಂಬ ಸುದ್ದಿ ಹಬ್ಬಿ, 'ಬದುಕಿದ್ದೀರಾ?' ಎಂದು ಊರಿನಿಂದ ಫೋನುಗಳು ಬಂದವು. ಆಮೇಲೆ ಹವಾಮಾನ ಇಲಾಖೆ, ಅಲ್ಲಿನ ಯಂತ್ರ ಮೂರು ಡಿಗ್ರಿ ಹೆಚ್ಚು ತೋರಿಸುತ್ತಿತ್ತು ಎಂದಿತು. ಮೂರು ಕಳೆದರೂ ಉಳಿಯುವುದು ಹತ್ತಿರ ಹತ್ತಿರ 50! ಅದಕ್ಕಿಂತ ಕೆಟ್ಟದ್ದು ಜೂನ್ ಮೂರನೇ ವಾರ. ರಾತ್ರಿಯ ಕನಿಷ್ಠ ತಾಪಮಾನವೇ 35.2 ಡಿಗ್ರಿಗೆ ನಿಂತಿತು. ಅದೇ ವಾರ ದೆಹಲಿಯ ವಿದ್ಯುತ್ ಬೇಡಿಕೆ 8,656 ಮೆಗಾವ್ಯಾಟ್‌ಗೆ ಏರಿ ದಾಖಲೆಯಾಯಿತು.

ಹಗಲಿನ ಶಾಖವನ್ನು ದೇಹ ಹೇಗೋ ತಡೆದುಕೊಳ್ಳುತ್ತದೆ, ರಾತ್ರಿ ಅದಕ್ಕೆ ಬಿಡುವು ಸಿಗಬೇಕು. ಟಾಪ್ ಫ್ಲೋರಿನಲ್ಲಿ ಆ ಬಿಡುವೇ ಸಿಗುವುದಿಲ್ಲ. ನಾಲ್ಕೈದು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಇಡೀ ದಿನ ಬಿಸಿಲು ಕುಡಿದು, ನಾವು ಮಲಗುವ ಹೊತ್ತಿಗೆ ಅದನ್ನು ಕೆಳಗೆ ಬಿಡಲು ಶುರುಮಾಡುತ್ತದೆ. ಫ್ಯಾನು ಆ ಬಿಸಿಯನ್ನೇ ನಮ್ಮ ಮೇಲೆ ಸುರಿಯುತ್ತದೆ. ಎ.ಸಿ. ಹಾಕಿಕೊಂಡವರು ತಮ್ಮ ಕೋಣೆಯ ಬಿಸಿಯನ್ನು ಗಲ್ಲಿಗೆ ತಳ್ಳುತ್ತಾರೆ. ಗಲ್ಲಿಯಲ್ಲಿ ಇನ್ನೂ ನಾಲ್ವತ್ತು ಎ.ಸಿ.ಗಳು ಅದನ್ನೇ ಮಾಡುತ್ತಿರುತ್ತವೆ. ಎ.ಸಿ. ಇಲ್ಲದವನಿಗೆ ತನ್ನ ಪಾಲಿನ ಬಿಸಿಯ ಜೊತೆಗೆ ನೆರೆಯವರ ಪಾಲೂ ಸಿಗುತ್ತದೆ.

ಹವಾಮಾನ ಬದಲಾವಣೆ ಅಂದಾಗ ನಮಗೆ ಕಾರ್ಖಾನೆಯ ಚಿಮಣಿ, ಕಾರಿನ ಹೊಗೆ ನೆನಪಾಗುತ್ತದೆ. ನಾವು ಕೂತ ಕಟ್ಟಡ ನೆನಪಾಗುವುದಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಂತೆ 2021ರಲ್ಲಿ ಜಗತ್ತಿನ ಇಂಧನ ಮತ್ತು ಉತ್ಪಾದನಾ ಪ್ರಕ್ರಿಯೆಗಳಿಂದ ಹೊಮ್ಮಿದ ಇಂಗಾಲದ ಡೈ ಆಕ್ಸೈಡ್‌ನಲ್ಲಿ ಸುಮಾರು 37 ಶೇಕಡಾ ಕಟ್ಟಡಗಳದ್ದು ಮತ್ತು ಕಟ್ಟುವ ಕೆಲಸದ್ದು. ಅಂದರೆ ಮನೆ ಬಿಸಿಯಿಂದ ನಮ್ಮನ್ನು ಕಾಯಬೇಕು, ಆದರೆ ಆ ಬಿಸಿಯನ್ನು ಹೆಚ್ಚಿಸುವುದರಲ್ಲಿ ಮನೆಯ ಕೈಯೂ ಇದೆ. ಈ ಎರಡನ್ನೂ ಒಟ್ಟಿಗೆ ನೋಡಲು ಹೌಜ್ ಖಾಸ್‌ಗಿಂತ ಒಳ್ಳೆಯ ಜಾಗ ದೆಹಲಿಯಲ್ಲಿ ಸಿಗುವುದು ಕಷ್ಟ.

ಹೌಜ್ ಖಾಸ್ ಅಂದರೆ ಇಂದು ಮೆಟ್ರೋ ಸ್ಟೇಷನ್, ಐಐಟಿ, ಹಳ್ಳಿಯೊಳಗಿನ ಕೆಫೆಗಳು. ಹೆಸರಿನ ಅರ್ಥ ಬೇರೆ. ಹೌಜ್ ಅಂದರೆ ನೀರಿನ ತೊಟ್ಟಿ, ಕೆರೆ. ಖಾಸ್ ಅಂದರೆ ವಿಶೇಷವಾದದ್ದು, ರಾಜನದ್ದು. ನಮ್ಮ ಉತ್ತರ ಕರ್ನಾಟಕದ ಮಂದಿಗೆ ಈ ಮಾತು ಹೊಸದಲ್ಲ. ನೀರು ತುಂಬಿಡುವ ತೊಟ್ಟಿಗೆ ಅವರು 'ಹೌದ' ಅನ್ನುವುದು ಇದೇ ಹೌಜ್‌ನಿಂದ. ಅಲಾವುದ್ದೀನ್ ಖಿಲ್ಜಿ ಸಿರಿ ಎಂಬ ಹೊಸ ಊರನ್ನು ಕಟ್ಟಿದಾಗ, ಅಲ್ಲಿನ ಜನಕ್ಕೆ ನೀರು ಬೇಕೆಂದು ಈ ಕೆರೆ ತೋಡಿಸಿದ. ಆಗ ಅದರ ಹೆಸರು ಹೌಜ್-ಎ-ಅಲಾಯಿ. ಸುಮಾರು 50 ಹೆಕ್ಟೇರ್ ಅಗಲದ ಕೆರೆ. ಈಗ ಉಳಿದಿರುವ ನೀರು ಅದರ ಒಂದು ಸಣ್ಣ ಮೂಲೆ, ಅಷ್ಟೇ.

ಕೆರೆ ಹೆಚ್ಚು ಕಾಲ ಬಾಳಲಿಲ್ಲ. ಇನ್ನೂ ನೂರು ವರ್ಷವೂ ತುಂಬುವ ಮೊದಲೇ ಹೂಳು ತುಂಬಿಕೊಂಡಿತ್ತು. ಫಿರೋಜ್ ಷಾ ತುಘಲಕ್ ತನ್ನ 'ಫುತೂಹಾತ್'ನಲ್ಲಿ ಈ ಕೆರೆಯ ಸ್ಥಿತಿಯನ್ನು ಹೇಳಿಕೊಂಡಿದ್ದಾನೆ: ಒಣಗಿದ ಕೆರೆಯಂಗಳದಲ್ಲಿ ಜನ ಬೇಸಾಯ ಮಾಡುತ್ತಿದ್ದರಂತೆ, ಅಲ್ಲೇ ಬಾವಿ ತೋಡಿ ಆ ನೀರನ್ನು ಮಾರುತ್ತಿದ್ದರಂತೆ. ಕೆರೆ ಒತ್ತುವರಿ ಮತ್ತು ಟ್ಯಾಂಕರ್ ದಂಧೆ ಬೆಂಗಳೂರಿನ ಆವಿಷ್ಕಾರವೆಂದು ತಿಳಿದವರು ಇದನ್ನು ಗಮನಿಸಬೇಕು. ಹದಿನಾಲ್ಕನೇ ಶತಮಾನದಲ್ಲೇ ಅದು ದೆಹಲಿಯಲ್ಲಿತ್ತು! ಫಿರೋಜ್ ಷಾ ಹೂಳೆತ್ತಿಸಿ ಕೆರೆ ತುಂಬಿಸಿದ. 1352ರ ಸುಮಾರಿಗೆ ಅದರ ದಂಡೆಯ ಮೇಲೆ ಮದರಸಾ ಕಟ್ಟಿಸಿದ. 1388ರಲ್ಲಿ ಸತ್ತಾಗ ಅಲ್ಲಿಯೇ ಮಣ್ಣಾದ. 1398ರಲ್ಲಿ ದೆಹಲಿಯನ್ನು ದೋಚಲು ಬಂದ ತೈಮೂರ್ ಇದೇ ಕೆರೆಯ ಬಳಿ ಬೀಡುಬಿಟ್ಟಿದ್ದ.

ಮದರಸಾ ಕಟ್ಟಡವನ್ನು ಇತಿಹಾಸದ ಪಾಠವಾಗಿ ನೋಡುವವರೇ ಹೆಚ್ಚು. ಒಮ್ಮೆ ಮನೆ ನೋಡಲು ಹೋದವರ ಕಣ್ಣಿನಿಂದ ನೋಡಿ. ಕಟ್ಟಡ ಕೆರೆಯ ಆಗ್ನೇಯ ಮೂಲೆಯಲ್ಲಿದೆ. ಒಂದು ತೋಳು ಪೂರ್ವ ದಂಡೆಯ ಮೇಲೆ, ಇನ್ನೊಂದು ದಕ್ಷಿಣ ದಂಡೆಯ ಮೇಲೆ. ದೆಹಲಿಯ ಬೇಸಿಗೆಯ ಲೂ ಬೀಸುವುದು ಪಶ್ಚಿಮದಿಂದ, ವಾಯವ್ಯದಿಂದ. ಅಂದರೆ ಕುದಿಯುವ ಗಾಳಿ ಮೊದಲು ಕೆರೆಯ ನೀರಿನ ಮೇಲೆ ಹಾಯ್ದು, ಅಷ್ಟಿಷ್ಟು ತಂಪಾಗಿ, ಆಮೇಲೆ ಕಟ್ಟಡವನ್ನು ಮುಟ್ಟಬೇಕು. ಇದನ್ನು ಲೆಕ್ಕ ಹಾಕಿಯೇ ಕಟ್ಟಿದರೆಂದು ಬರೆದಿಟ್ಟವರಿಲ್ಲ, ಆದರೆ ನೀರಿನ ಕಡೆಗೆ ತೆರೆದ ಕಂಬಸಾಲು, ಕಿಟಕಿ, ಮೆಟ್ಟಿಲುಗಳನ್ನು ನೋಡಿದರೆ ಗಾಳಿ ಎಲ್ಲಿಂದ ಬರುತ್ತದೆಂದು ತಿಳಿಯದವರು ಕಟ್ಟಿದ್ದಲ್ಲ ಎನ್ನುವುದು ಗೊತ್ತಾಗುತ್ತದೆ. ಗೋಡೆಗಳು ಒರಟು ಕಲ್ಲು ಮತ್ತು ಸುಣ್ಣದವು, ತುಂಬ ದಪ್ಪ. ಕೆಳಗಿನ ಅಂತಸ್ತಿನ ಸಣ್ಣ ಕೋಣೆಗಳಿಗೆ ಬಿಸಿಲು ನೇರವಾಗಿ ಬೀಳುವುದೇ ಕಷ್ಟ. ಬೀದರಿನವರಿಗೆ ಇದನ್ನು ಕಂಡರೆ ತಮ್ಮೂರಿನ ಮಹಮೂದ್ ಗವಾನನ ಮದರಸಾ ನೆನಪಾಗುತ್ತದೆ. 1472ರ ಆ ಕಟ್ಟಡವೂ ನಡುವೆ ಅಂಗಳ ಬಿಟ್ಟು ಸುತ್ತಲೂ ಕೋಣೆ ಕಟ್ಟಿಕೊಂಡದ್ದೇ. ನೀರನ್ನು ಬಿಸಿಲಿಗೆ ಒಡ್ಡದೆ ನೆಲದಡಿಯಲ್ಲೇ ಸಾಗಿಸುವ ನೌಬಾದಿನ ಕರೇಜ್ ಸುರಂಗವೂ ಬಹಮನಿಗಳ ಆ ಬೀದರಿನದ್ದೇ.

ಕೆರೆಯ ಮುಂದಿನ ಕಥೆ ನಮ್ಮ ಕಾಲದ್ದು. ದಕ್ಷಿಣ ದೆಹಲಿ ಬೆಳೆಯುತ್ತ ಹೋದಂತೆ ಕೆರೆಗೆ ಮಳೆನೀರು ಹರಿದುಬರುವ ಜಾಗದ ಮೇಲೆಲ್ಲ ಕಾಲೊನಿಗಳು ಎದ್ದವು. ಬರುವ ನೀರು ನಿಂತಿತು, ಕೆರೆ ಒಣಗಿತು. 2000ದ ದಶಕದ ಆರಂಭದಲ್ಲಿ ಡಿಡಿಎ ಮತ್ತು ಇಂಟಾಕ್ ಸೇರಿ ಅದಕ್ಕೆ ಮತ್ತೆ ನೀರು ತಂದರು. ಮಳೆನೀರಲ್ಲ, ವಸಂತ್ ಕುಂಜ್‌ನ ಕೊಳಚೆ ಶುದ್ಧೀಕರಣ ಘಟಕದಿಂದ ಹೊರಬರುವ ನೀರನ್ನು ಸಂಜಯ್ ವನದ ಮೂಲಕ ಹಾಯಿಸಿ ಇಲ್ಲಿಗೆ ತುಂಬಿಸಿದರು. ಇಂದು ಅಲ್ಲಿ ಬಾತುಗಳನ್ನು ನೋಡುತ್ತ ಸೆಲ್ಫಿ ತೆಗೆಯುವವರು ನೋಡುತ್ತಿರುವುದು ನಮ್ಮ ಬಚ್ಚಲಿನ ನೀರನ್ನೇ. ಇದರಲ್ಲಿ ಅಸಹ್ಯಪಡುವಂಥದ್ದು ಏನಿಲ್ಲ. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅಲ್ಲಿ ಕೇಳಿಬಂದ ತಕರಾರೇ ಇಲ್ಲಿಯೂ ಇದೆ: ಅರೆಬರೆ ಶುದ್ಧವಾದ ನೀರು ನಿಂತರೆ ಪಾಚಿ, ವಾಸನೆ, ಸತ್ತ ಮೀನು. ನೀರು ತಂದು ಸುರಿದರೆ ಕೆರೆಯಾಗುವುದಿಲ್ಲ. ಅದನ್ನು ಸೋಸುವ ಜೊಂಡು, ಗಾಳಿಯಾಡುವ ಹರಿವು, ನೋಡಿಕೊಳ್ಳುವ ಮಂದಿ ಬೇಕು. 2013ರಲ್ಲಿ ಹಸಿರು ನ್ಯಾಯಮಂಡಳಿಯ ಮುಂದೆ ಪ್ರಕರಣ ಬಂದು, ಕೊಳಕು ನೀರಿಗೆ ವ್ಯವಸ್ಥೆಯಿಲ್ಲದೆ ನಡೆಯುತ್ತಿದ್ದ ಹೌಜ್ ಖಾಸ್ ವಿಲೇಜಿನ 30ಕ್ಕೂ ಹೆಚ್ಚು ಹೋಟೆಲುಗಳಿಗೆ ಬೀಗ ಬಿದ್ದದ್ದೂ ಇದೇ ಕಾರಣಕ್ಕೆ. ಕೆರೆಯ ನೋಟವನ್ನು ಮಾರಿಕೊಳ್ಳುವವರು ಕೆರೆಗೆ ಏನು ಬಿಡುತ್ತಾರೆ ಎಂಬ ಪ್ರಶ್ನೆ ಫಿರೋಜ್ ಷಾ ಕಾಲದಷ್ಟೇ ಹಳೆಯದು.

ನೀರಿಗೆ ಇನ್ನೊಂದು ಮುಖವಿದೆ. 2024ರ ಜೂನ್ 28ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಸಫ್ದರ್‌ಜಂಗ್‌ನಲ್ಲಿ 228.1 ಮಿಲಿಮೀಟರ್ ಮಳೆ ಬಿತ್ತು. ಇಡೀ ಜೂನ್ ತಿಂಗಳಿಗೆ ಬೀಳಬೇಕಾದ ಮಳೆಯ ಸುಮಾರು ಮೂರು ಪಟ್ಟು. ಹತ್ತು ದಿನ ಹಿಂದೆ ಬಿಸಿಗೆ ಸತ್ತವರನ್ನು ಎಣಿಸುತ್ತಿದ್ದ ಊರು ಅಂದು ನೀರಿನಲ್ಲಿ ಮುಳುಗಿತ್ತು. ಒಂದು ತಿಂಗಳ ಬಳಿಕ, ಜುಲೈ 27ರ ಸಂಜೆ, ಹಳೆ ರಾಜೇಂದ್ರ ನಗರದ ಒಂದು ಕೋಚಿಂಗ್ ಕೇಂದ್ರದ ಬೇಸ್‌ಮೆಂಟಿಗೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ಸಾಮಾನು ಇಡಲು, ಗಾಡಿ ನಿಲ್ಲಿಸಲು ಅನುಮತಿ ಪಡೆದಿದ್ದ ಬೇಸ್‌ಮೆಂಟ್ ಲೈಬ್ರರಿಯಾಗಿತ್ತು. ಐಎಎಸ್ ಕನಸು ಹೊತ್ತು ಹಾಸನದಿಂದ, ರಾಯಚೂರಿನಿಂದ, ದಾವಣಗೆರೆಯಿಂದ ಬಂದ ನಮ್ಮ ಮಕ್ಕಳು ಇರುವುದೂ ಅದೇ ಗಲ್ಲಿಗಳಲ್ಲಿ. ಮಳೆ ಹೆಚ್ಚಾಗಿದ್ದು ಹವಾಮಾನದಿಂದ ಇರಬಹುದು. ಆದರೆ ರಸ್ತೆಗಿಂತ ಕೆಳಗೆ, ಒಂದೇ ಬಾಗಿಲಿನ ಕೋಣೆಯಲ್ಲಿ ಮಕ್ಕಳನ್ನು ಕೂರಿಸಿದ್ದು ಮೋಡವಲ್ಲ.

ಕಟ್ಟಡ ಕಟ್ಟುವವರು, ಬಾಡಿಗೆಗೆ ಕೊಡುವವರು, ಪರವಾನಗಿ ಕೊಡುವವರು ಸೇರಿ ಅಪಾಯವನ್ನು ದೊಡ್ಡದು ಮಾಡಬಹುದು, ಚಿಕ್ಕದೂ ಮಾಡಬಹುದು. ಚಿಕ್ಕದು ಮಾಡಿದವರ ಉದಾಹರಣೆಗೆ ದೂರ ಹೋಗಬೇಕಿಲ್ಲ. ಹೌಜ್ ಖಾಸ್‌ನಿಂದ ಸ್ವಲ್ಪ ದೂರದಲ್ಲಿ, ಅಲಾವುದ್ದೀನನ ಸಿರಿ ಇದ್ದ ಕಡೆಯೇ, 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ಕಟ್ಟಿದ ಏಷ್ಯಾಡ್ ವಿಲೇಜ್ ಇದೆ. ರಾಜ್ ರೇವಾಲ್ ಅವರ ವಿನ್ಯಾಸ. ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ನಡುನಡುವೆ ಅಂಗಳ, ಕಿರಿದಾದ ಓಣಿ, ಮಹಡಿಗೊಂದು ತಾರಸಿ. ಕಾರುಗಳು ಹೊರಗಡೆಯೇ. ಒಂದು ಮನೆಯ ನೆರಳು ಇನ್ನೊಂದರ ಗೋಡೆಯ ಮೇಲೆ ಬೀಳುತ್ತದೆ. ರಾಜಸ್ಥಾನದ ಊರುಗಳಲ್ಲಿ, ನಮ್ಮ ವಿಜಯಪುರದ ಹಳೆಯ ಓಣಿಗಳಲ್ಲಿ ಇದ್ದ ಉಪಾಯವೇ ಅದು. ಲೋಧಿ ರಸ್ತೆಯ ಇಂಡಿಯಾ ಹ್ಯಾಬಿಟಾಟ್ ಸೆಂಟರಿನಲ್ಲಿ ಜೋಸೆಫ್ ಸ್ಟೈನ್ ಅವರು ಕಟ್ಟಡಗಳ ನಡುವಿನ ಅಂಗಳಗಳ ಮೇಲೆ, ಎತ್ತರದಲ್ಲಿ, ನೀಲಿ ಬಣ್ಣದ ಹಲಗೆಗಳ ಚಪ್ಪರ ಹಾಕಿಸಿದರು. ಮೇ ತಿಂಗಳ ಮಧ್ಯಾಹ್ನ ರಸ್ತೆಯಿಂದ ಆ ಅಂಗಳಕ್ಕೆ ಕಾಲಿಟ್ಟವರಿಗೆ ವಾಸ್ತುಶಿಲ್ಪ ಎಂದರೇನು ಎಂಬ ಭಾಷಣ ಬೇಕಾಗುವುದಿಲ್ಲ. ಜೋರ್ ಬಾಗ್‌ನ ಇಂದಿರಾ ಪರ್ಯಾವರಣ ಭವನ 2014ರಲ್ಲಿ ತೆರೆದದ್ದು. ನಡುವೆ ಗಾಳಿಯಾಡುವ ದೊಡ್ಡ ಅಂಗಳ, ಮೇಲೆ ಸೌರಫಲಕಗಳ ಮಾಡು. ತನಗೆ ಬೇಕಾದಷ್ಟು ವಿದ್ಯುತ್ತನ್ನು ತಾನೇ ಮಾಡಿಕೊಳ್ಳಬೇಕೆಂಬ ಗುರಿಯಿಟ್ಟು ಕಟ್ಟಿದ ಸರ್ಕಾರಿ ಕಚೇರಿ ಅದು.

ಹಾಗಾದರೆ ನಮ್ಮ ಬಿಲ್ಡರ್ ಫ್ಲೋರುಗಳು ಯಾಕೆ ಹೀಗಿವೆ? ಮುಖ್ಯ ಕಾರಣ, ಕಟ್ಟುವವನು ಬೇರೆ, ವಿದ್ಯುತ್ ಬಿಲ್ ಕಟ್ಟುವವನು ಬೇರೆ. ಛಜ್ಜಾ ಹಾಕಿದರೆ ಖರ್ಚು, ಹಾಕದಿದ್ದರೆ ಬಾಡಿಗೆಗಿರುವವನಿಗೆ ಖರ್ಚು. ಒಂಬತ್ತಿಂಚಿನ ಗೋಡೆ ಹಲವು ಕಡೆ ನಾಲ್ಕೂವರೆ ಇಂಚಿಗೆ ಇಳಿದಿದೆ. ಉಳಿದ ಜಾಗವನ್ನು ಕಾರ್ಪೆಟ್ ಏರಿಯಾ ಎಂದು ಮಾರಬಹುದು. ಎದುರುಗಡೆ ಪಶ್ಚಿಮಕ್ಕೆ ಗಾಜಿನ ಗೋಡೆ ಕೊಟ್ಟರೆ ನೋಡಲು ದುಬೈ, ಒಳಗೆ ಕುಕ್ಕರ್.

ಇದರಲ್ಲಿ ಊರಿನ ಲೆಕ್ಕವನ್ನು ಇಲ್ಲಿಗೆ ತಂದು ನಾವೂ ಎಡವುತ್ತೇವೆ. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ನೆರಳೇ ಇಲ್ಲವಾಗುತ್ತದೆ. ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವ ದೆಹಲಿಗೆ ಆ ಶೂನ್ಯ ನೆರಳಿನ ದಿನ ಇಲ್ಲವೇ ಇಲ್ಲ. ಜೂನ್ 21ರ ನಡುಮಧ್ಯಾಹ್ನವೂ ಸೂರ್ಯ ನೆತ್ತಿಗಿಂತ ಸ್ವಲ್ಪ ದಕ್ಷಿಣಕ್ಕೇ ಇರುತ್ತಾನೆ. ಡಿಸೆಂಬರಿನಲ್ಲಿ ತುಂಬ ಕೆಳಗಿಳಿದು ಓರೆಯಾಗಿ ಬರುತ್ತಾನೆ. ಆದ್ದರಿಂದ ಇಲ್ಲಿ ದಕ್ಷಿಣದ ಕಿಟಕಿಗೆ ಎರಡಡಿಯ ಛಜ್ಜಾ ಇದ್ದರೆ ಬೇಸಿಗೆಯ ಬಿಸಿಲು ಒಳಗೆ ಬರುವುದಿಲ್ಲ, ಚಳಿಗಾಲದ ಬಿಸಿಲು ಮಂಚದವರೆಗೂ ಬರುತ್ತದೆ. ಪೂರ್ವ ಪಶ್ಚಿಮದ ಬಿಸಿಲು ಮಾತ್ರ ಓರೆಯಾಗಿ ಛಜ್ಜಾದ ಕೆಳಗೇ ನುಗ್ಗುತ್ತದೆ. ಅದಕ್ಕೆ ಜಾಲಿ, ಬಿದಿರಿನ ಚಿಕ್, ಮರ, ಹೊರಗಿನ ಪರದೆಯೇ ಆಗಬೇಕು. ಕಿಟಕಿಯ ಒಳಗೆ ಹಾಕಿದ ಪರದೆಯಿಂದ ಹೆಚ್ಚು ಪ್ರಯೋಜನವಿಲ್ಲ. ಗಾಜು ದಾಟಿದ ಶಾಖ ಆಗಲೇ ಮನೆಯೊಳಗೆ ಬಂದಾಗಿದೆ.

ಎ.ಸಿ. ಬರುವ ಮೊದಲು ದೆಹಲಿ ಲಾವಂಚದ ಮೇಲೆ ಬದುಕಿತ್ತು. ಬಾಗಿಲಿಗೆ ಲಾವಂಚದ ಬೇರಿನ ತಟ್ಟಿ ಕಟ್ಟಿ ನೀರು ಚಿಮುಕಿಸಿದರೆ ಲೂ ತಂಗಾಳಿಯಾಗಿ, ಪರಿಮಳವಾಗಿ ಒಳಬರುತ್ತಿತ್ತು. ಇದಕ್ಕೆ ಹಿಂದಿಯಲ್ಲಿ 'ಖಸ್ ಕೀ ಟಟ್ಟಿ' ಎನ್ನುತ್ತಿದ್ದರು. ಹೌಜ್ 'ಖಾಸ್' ಬೇರೆ, ಈ 'ಖಸ್' ಬೇರೆ. ಟಟ್ಟಿ ಮಾತ್ರ ನಮ್ಮ ಮಲೆನಾಡಿನಲ್ಲಿ ಮಳೆಯ ಇರಚಲಿಗೆ ಅಡ್ಡಕಟ್ಟುವ ಸೋಗೆಯ ತಟ್ಟಿಯೇ. ಹಿಂದಿಯಲ್ಲಿ ಆ ಮಾತಿಗೆ ಈಗ ಬೇರೆ ಅರ್ಥ ಬಂದಿರುವುದರಿಂದ ಅಂಗಡಿಯಲ್ಲಿ ಕೇಳುವಾಗ ಕೊಂಚ ಎಚ್ಚರ! ಕೂಲರಿನೊಳಗಿನ ಹುಲ್ಲಿನ ಚಾಪೆ ಅದರ ಮೊಮ್ಮಗ. ಮೇ ತಿಂಗಳ ಒಣಗಾಳಿಯಲ್ಲಿ ನೀರು ಬೇಗ ಆವಿಯಾಗಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಜುಲೈಯಲ್ಲಿ ಗಾಳಿಯೇ ತೇವವಾಗಿರುವುದರಿಂದ ಅದು ಬರಿಯ ಸದ್ದು. ಇನ್ನೊಂದು ಮಾತು: ಕೂಲರ್ ಹಾಕಿ ಎಲ್ಲ ಕಿಟಕಿ ಮುಚ್ಚಬಾರದು. ಎದುರಿನ ಕಿಟಕಿ ತೆರೆದಿದ್ದರೆ ಮಾತ್ರ ತೇವದ ಗಾಳಿ ಹೊರಹೋಗಿ ಹೊಸ ಗಾಳಿ ಬರುತ್ತದೆ.

ಇಷ್ಟು ಓದಿದವರು 'ಹಳೆಯದೇ ಚಿನ್ನ, ನಮ್ಮಜ್ಜನ ಮನೆಯೇ ಸರಿ' ಎಂದುಕೊಂಡರೆ ಅಲ್ಲಿ ಸ್ವಲ್ಪ ನಿಲ್ಲಬೇಕು. ಬಯಲುಸೀಮೆಯ ಮಾಳಿಗೆ ಮನೆ ಬೇಸಿಗೆಯಲ್ಲಿ ಸ್ವರ್ಗ ನಿಜ. ದಪ್ಪ ಕಲ್ಲಿನ ಗೋಡೆ, ಮೇಲೆ ತೊಲೆ ಜಂತೆ, ಅದರ ಮೇಲೆ ಅಡಿಗಟ್ಟಲೆ ಮಣ್ಣು, ನಡುವೆ ಬೆಳಕಿಂಡಿ. ಅಂಥದೇ ಮನೆಗಳಿದ್ದ ಊರು ಕಿಲ್ಲಾರಿ, ನಮ್ಮ ಬೀದರ್ ಕಲಬುರಗಿಗಳಿಗೆ ನೆರೆಯ ಲಾತೂರ್ ಜಿಲ್ಲೆಯದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ಕಳಿಸಿ ಮಲಗಿದ ರಾತ್ರಿ, ಭೂಮಿ ನಡುಗಿತು. ಮಣ್ಣಿನಲ್ಲಿ ಜೋಡಿಸಿದ ಕಲ್ಲುಗಳು ಬಿಚ್ಚಿಕೊಂಡವು, ಮೇಲಿನ ಮಣ್ಣೆಲ್ಲ ಮಲಗಿದವರ ಮೇಲೆ ಕುಸಿಯಿತು. ಆ ಪ್ರದೇಶದಲ್ಲಿ ಸುಮಾರು 10 ಸಾವಿರ ಜನ ಸತ್ತರು. ಬಿಸಿಲಿನಿಂದ ಕಾಪಾಡಿದ ದಪ್ಪವೇ ಅಂದು ಕೊಂದಿತು. ಗೋಡೆಗಳನ್ನು ಸುತ್ತ ಕಟ್ಟಿ ಹಿಡಿಯುವ ಒಂದು ಪಟ್ಟಿ, ಮೂಲೆಗಳಲ್ಲಿ ಎರಡೂ ಗೋಡೆಗೆ ಹಾಯುವ ಉದ್ದ ಕಲ್ಲು, ಹಗುರವಾದ ಮಾಡು ಇದ್ದಿದ್ದರೆ ಬಹಳ ಜನ ಉಳಿಯುತ್ತಿದ್ದರು.

ದೆಹಲಿಗೂ ಈ ಪಾಠ ಬೇಕು. 2025ರ ಫೆಬ್ರವರಿ 17ರ ಬೆಳಗಿನ ಜಾವ ನಮ್ಮನ್ನೆಲ್ಲ ಹಾಸಿಗೆಯಿಂದ ಎಬ್ಬಿಸಿದ ಕಂಪನದ ಕೇಂದ್ರ ಧೌಲಾ ಕುವಾಂ ಬಳಿಯೇ ಇತ್ತು. ಹೌಜ್ ಖಾಸ್‌ನಿಂದ ಕೂಗಳತೆಯಲ್ಲಿ ಅನ್ನಬಹುದು. ತೀವ್ರತೆ 4.0 ಮಾತ್ರ, ಹಾಗಾಗಿ ಉಳಿದೆವು. ನಮ್ಮ ಬಿಲ್ಡರ್ ಫ್ಲೋರುಗಳಲ್ಲಿ ಕೆಳಗೆ ಬರೀ ಕಂಬಗಳ ಮೇಲೆ ಪಾರ್ಕಿಂಗ್, ಮೇಲೆ ನಾಲ್ಕು ಅಂತಸ್ತು ಗೋಡೆ. ಮೇಲ್ಭಾಗ ಗಟ್ಟಿ, ಕಾಲು ಸಪೂರ. 2001ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ ಅಷ್ಟು ದೂರದ ಅಹಮದಾಬಾದಿನಲ್ಲಿ ಕುಸಿದ ಬಹುಮಹಡಿಗಳಲ್ಲಿ ಈ ಬಗೆಯವೇ ಎದ್ದು ಕಂಡವು. ಆದ್ದರಿಂದ 'ಹಸಿರು ಕಟ್ಟಡ' ಎಂಬ ಫಲಕ ನೋಡಿ ಮೆಚ್ಚಿಕೊಳ್ಳುವ ಮೊದಲು ಅದು ನಿಲ್ಲುವ ಕಟ್ಟಡವೇ ಎಂದು ಕೇಳಬೇಕು. ತಂಪೂ ಬೇಕು, ಗಟ್ಟಿಯೂ ಬೇಕು.

ಎರಡನ್ನೂ ಕೂಡಿಸುವ ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆದಿದೆ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಹಳ್ಳಿಗೆ ಒದಗುವ ವಿಜ್ಞಾನ ಅದರ ಗುರಿ. ಅಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ಮಣ್ಣಿನ ಇಟ್ಟಿಗೆಯ ಬೆನ್ನುಹತ್ತಿದರು. ಸರಿಯಾದ ಪ್ರಮಾಣದ ಮರಳುಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚುಹಾಕಿ, ಕೆಲವು ವಾರ ನೀರುಣಿಸಿದರೆ ಆಯಿತು, ಸುಡುವ ಕೆಲಸವಿಲ್ಲ. ಸುಟ್ಟ ಇಟ್ಟಿಗೆಗೆ ಬೇಕಾಗುವ ಶಕ್ತಿಯ ಅರ್ಧವೂ ಇದಕ್ಕೆ ಬೇಡ. ಲಿಂಟಲ್ ಮಟ್ಟದಲ್ಲಿ ಕಾಂಕ್ರೀಟ್ ಪಟ್ಟಿ ಕೊಟ್ಟರೆ ಕಿಲ್ಲಾರಿಯ ಪಾಠವನ್ನೂ ಕಲಿತಂತೆ. ಇಂಥ ಮಣ್ಣಿನ ಇಟ್ಟಿಗೆಯ ಮನೆಗಳು ಇಂದು ಬೆಂಗಳೂರಿನಲ್ಲಿ ಸಾಕಷ್ಟಿವೆ. ಚಿತ್ರಾ ವಿಶ್ವನಾಥ್ ಅವರಂಥ ವಾಸ್ತುಶಿಲ್ಪಿಗಳು ಪಾಯ ತೋಡಿದ ಮಣ್ಣಿನಿಂದಲೇ ಗೋಡೆ ಕಟ್ಟಿ, ಮಾಡಿನ ಮಳೆನೀರನ್ನು ಹಿಡಿದಿಡುವ ಮನೆಗಳನ್ನು ಮಾಡಿ ತೋರಿಸಿದ್ದಾರೆ. ಹೌಜ್ ಖಾಸ್‌ಗೆ ಹತ್ತಿರದ ಕುತುಬ್ ಇನ್‌ಸ್ಟಿಟ್ಯೂಷನಲ್ ಏರಿಯಾದಲ್ಲಿ ಡೆವಲಪ್‌ಮೆಂಟ್ ಆಲ್ಟರ್ನೇಟಿವ್ಸ್ ಸಂಸ್ಥೆಯ ಕಚೇರಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಬಳಸಿ ಕಟ್ಟಿದ್ದು. ಇದರಿಂದ ಇಪ್ಪತ್ತು ಅಂತಸ್ತು ಎಬ್ಬಿಸಲಾಗದು. ಆದರೆ ದೇಶದ ಮನೆಗಳಲ್ಲಿ ಹೆಚ್ಚಿನವು ಒಂದೆರಡು ಅಂತಸ್ತಿನವೇ. ಊರಿನಲ್ಲಿ ನಿವೃತ್ತಿಯ ಮನೆ ಕಟ್ಟಲು ನಕ್ಷೆ ಹಾಕಿಸುತ್ತಿರುವ ನಮ್ಮವರು ಇದನ್ನೊಮ್ಮೆ ಯೋಚಿಸಬಹುದು. ದೆಹಲಿಯ ಸುತ್ತಲಿನ ಇಟ್ಟಿಗೆ ಗೂಡುಗಳ ಹೊಗೆಯನ್ನು ಕುಡಿದವರಿಗೆ ಸುಡದ ಇಟ್ಟಿಗೆಯ ಬೆಲೆ ಹೇಳಿಕೊಡಬೇಕಿಲ್ಲ.

ಕಾನೂನು ಇಲ್ಲವೆಂದೇನಲ್ಲ. ವಾಸದ ಕಟ್ಟಡಗಳಿಗಾಗಿ 2018ರಲ್ಲಿ 'ಇಕೋ ನಿವಾಸ್ ಸಂಹಿತಾ' ಬಂದಿದೆ. ಗೋಡೆ ಕಿಟಕಿಗಳ ಮೂಲಕ ಮನೆಯೊಳಗೆ ಎಷ್ಟು ಶಾಖ ಬರಬಹುದು ಎಂಬುದಕ್ಕೆ ಅದು ಮಿತಿ ಹಾಕುತ್ತದೆ, ಮಾಡಿಗೆ ಬೇರೆ ಮಿತಿ, ಗಾಳಿ ಬೆಳಕಿಗೆ ಇಷ್ಟು ಕಿಟಕಿ ತೆರೆಯಲೇಬೇಕು ಎನ್ನುತ್ತದೆ. ಫ್ಲ್ಯಾಟ್ ಕೊಳ್ಳುವಾಗ ನಾವು ವಾಸ್ತು ಕೇಳುತ್ತೇವೆ, ಬಾಗಿಲು ಯಾವ ದಿಕ್ಕಿಗೆ ಅನ್ನುತ್ತೇವೆ, ಮಾಡ್ಯುಲರ್ ಕಿಚನ್ ಕೇಳುತ್ತೇವೆ. ಈ ಸಂಹಿತೆಯಂತೆ ಕಟ್ಟಿದ್ದೀರಾ ಎಂದು ಬಿಲ್ಡರನ್ನು ಕೇಳಿದವರು ಎಷ್ಟು ಜನ? ಕೊಳ್ಳುವವರು ಕೇಳದಿದ್ದರೆ ಅವನು ಕಟ್ಟುವುದೂ ಇಲ್ಲ.

ಸ್ವಂತ ಮನೆಯಿಲ್ಲದವರೂ ಮಾಡಬಹುದಾದದ್ದು ಇದೆ. ತಾರಸಿಗೆ ಬಿಳಿ ಸುಣ್ಣ ಅಥವಾ ಬಿಸಿಲು ಮರಳಿಸುವ ಬಿಳಿ ಬಣ್ಣ ಬಳಿಸಿದರೆ ಕೆಳಗಿನ ಕೋಣೆ ಎರಡರಿಂದ ಐದು ಡಿಗ್ರಿಯವರೆಗೆ ತಂಪಾಗುತ್ತದೆ. 2010ರ ಬಿಸಿಗಾಳಿಯಲ್ಲಿ ನೂರಾರು ಜನರನ್ನು ಕಳೆದುಕೊಂಡ ಅಹಮದಾಬಾದ್ 2013ರಲ್ಲಿ ತಾಪ ಎದುರಿಸುವ ಯೋಜನೆ ಮಾಡಿತು, ಮುಂದೆ ಬಡವರ ಮನೆಗಳ ಮಾಡಿಗೆ ಬಿಳಿ ಬಳಿಸುವ ಕೆಲಸವನ್ನೂ ಕೈಗೆತ್ತಿಕೊಂಡಿತು. ತೆಲಂಗಾಣ 2023ರಲ್ಲಿ ತಂಪು ಮಾಡಿಗೆಂದೇ ನೀತಿ ತಂದಿತು. ನಾಲ್ಕು ಮಹಡಿಯವರು ಸೇರಿ ಹಂಚಿಕೊಂಡರೆ ಒಂದು ತಾರಸಿಗೆ ಬಣ್ಣ ದೊಡ್ಡ ಖರ್ಚಲ್ಲ. ಒಡೆದ ಬಿಳಿ ಟೈಲ್ಸ್ ಚೂರು ಹಾಸಿದರೆ ಇನ್ನೂ ಹೆಚ್ಚು ದಿನ ಬಾಳುತ್ತದೆ. ಮಾಲೀಕರು ಒಪ್ಪದಿದ್ದರೆ ಕುಂಡಗಳ ಸಾಲು, ಬಿದಿರಿನ ಚಪ್ಪರ, ಅದರ ಮೇಲೆ ಹಬ್ಬಿದ ಬಳ್ಳಿಯೂ ನೆರಳೇ. ರಾತ್ರಿ ಹೊರಗಿನ ಗಾಳಿ ತಂಪಾದ ಮೇಲೆ ಕಿಟಕಿ ತೆರೆದು, ಬೆಳಿಗ್ಗೆ ಬಿಸಿಲೇರುವ ಮೊದಲು ಮುಚ್ಚುವ ಅಜ್ಜಿಯ ಕ್ರಮ ಈಗಲೂ ಕೆಲಸ ಮಾಡುತ್ತದೆ.

ಕನ್ನಡ ಸಂಘಗಳಿಗೂ ಇಲ್ಲಿ ಒಂದು ಕೆಲಸವಿದೆ. ಪ್ರತಿ ವರ್ಷ ನೂರಾರು ಹುಡುಗ ಹುಡುಗಿಯರು ರೈಲಿಳಿದು ಬರುತ್ತಾರೆ. ಅವರಿಗೆ ಬಿಸಿಬೇಳೆಬಾತ್ ಎಲ್ಲಿ ಸಿಗುತ್ತದೆಂದು ನಾವು ಹೇಳುತ್ತೇವೆ. ಬೇಸ್‌ಮೆಂಟಿನಲ್ಲಿ ಕೂತು ಓದಬೇಡ, ಕೋಣೆಗೆ ಎರಡು ಕಡೆ ಕಿಟಕಿ ಇದೆಯೇ ನೋಡು, ತಾರಸಿಯ ಕೆಳಗಿನ ಕೋಣೆಯಾದರೆ ಮಾಡಿಗೆ ಏನು ಮಾಡಿಸಿದ್ದಾರೆ ಕೇಳು, ಮೆಟ್ಟಿಲಿನ ದಾರಿಯಲ್ಲಿ ಗ್ಯಾಸ್ ಸಿಲಿಂಡರ್, ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜಿಂಗ್ ಇದೆಯೇ ಗಮನಿಸು ಎಂದೂ ಹೇಳಬೇಕು. ಇದು ಒಂದು ಪುಟದ ಕರಪತ್ರ. ಯುಗಾದಿ ಕಾರ್ಯಕ್ರಮದ ದಿನ ಬೇವುಬೆಲ್ಲದ ಜೊತೆ ಕೈಗೆ ಕೊಟ್ಟರೆ ಸರಿಯಾದ ಹೊತ್ತಿಗೆ ಕೊಟ್ಟಂತೆ. ಬಿಸಿಲು ಆಗತಾನೆ ಏರುತ್ತಿರುತ್ತದೆ.

ಕೊನೆಯದಾಗಿ, ನಮ್ಮ ಕಟ್ಟಡದ ಗೇಟಿನ ಪಕ್ಕದಲ್ಲೊಂದು ಗೂಡಿದೆ. ತಗಡಿನದೋ ಫೈಬರಿನದೋ, ನಾಲ್ಕಡಿ ಅಗಲ, ಒಂದು ಪ್ಲಾಸ್ಟಿಕ್ ಕುರ್ಚಿ. ಬಿಹಾರದಿಂದಲೋ ಬುಂದೇಲ್‌ಖಂಡದಿಂದಲೋ ಬಂದ ಗಾರ್ಡ್ ಭೈಯ್ಯಾ ಅದರಲ್ಲಿ 12 ಗಂಟೆ ಕೂರುತ್ತಾರೆ. ನಮ್ಮ ಹಾಗೆಯೇ ಊರು ಬಿಟ್ಟು ಬಂದವರು. ಆ ಗೂಡಿನಷ್ಟು ಕೆಟ್ಟ ವಾಸ್ತುಶಿಲ್ಪ ಇಡೀ ಕಾಲೊನಿಯಲ್ಲಿ ಇನ್ನೊಂದಿಲ್ಲ. ಹವಾಮಾನ ಬದಲಾವಣೆಯ ಬಗ್ಗೆ ನಾವು ಏನು ಮಾಡಬಲ್ಲೆವು ಎಂದು ಕೇಳುವವರಿಗೆ ನನ್ನ ಉತ್ತರ: ಮುಂದಿನ ಸೊಸೈಟಿ ಮೀಟಿಂಗಿನಲ್ಲಿ ಆ ಗೂಡನ್ನು ಬೇವಿನ ಮರದ ಕೆಳಗೆ ಸರಿಸಲು, ಅದರ ತಲೆಗೆ ಬಿಳಿ ಬಣ್ಣ ಬಳಿಸಲು, ಎರಡು ಕಡೆ ಕಿಟಕಿ ಕೊರೆಸಿ ಒಂದು ಫ್ಯಾನು ಹಾಕಿಸಲು ಹೇಳಿ. ಅಷ್ಟು ಮಾಡಿಸಲು ಮೀಟಿಂಗಿನಲ್ಲಿ ಎಷ್ಟು ಚರ್ಚೆಯಾಗುತ್ತದೆ ನೋಡಿ. ಉಳಿದ ದೊಡ್ಡ ಕೆಲಸಗಳು ಯಾಕೆ ನಿಧಾನ ಎಂಬುದೂ ಅಲ್ಲೇ ಅರ್ಥವಾಗುತ್ತದೆ.